ಫ್ರಾನ್ಸಿನ ಜನರಲ್‌ಗೆ ನಾನು ಕೊಡಿಸಿದ ಪಿಂಚಣಿ

ಆ ದಿನವೂ ಮನೆಯಲ್ಲಿ ಮೊದಲು ಎದ್ದವಳು ನಾನೇ. ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುಂಬಿ, ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು, ಹಂಡೆಯ ನೀರು ಬೆಚ್ಚಗಾಗುವಷ್ಟರಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲಿನವಳು ಬಂದಳು, ಎಂದಿನಂತೆ ಪಾವಿನೊಳಗೆ ಹೆಬ್ಬೆರಳು ಅದ್ದಿಕೊಂಡೇ ಹಾಲು ಅಳೆದಳು, ಎಂದಿನಂತೆ ನಾನೂ ನೋಡದವಳ ಹಾಗೆ ಇದ್ದೆ. ರೇಡಿಯೋದಲ್ಲಿ ವಾರ್ತೆ ಶುರುವಾಗುವ ಹೊತ್ತಿಗೆ ನನ್ನ ಯಜಮಾನರು ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡು ಜಗಲಿಯ ಕಂಬಕ್ಕೆ ನೇತು ಹಾಕಿದ್ದ ಕನ್ನಡಿಯ ಮುಂದೆ ನಿಂತರು. ಅರ್ಧ ಗಡ್ಡ ಹೆರೆದು, ಉಳಿದರ್ಧವನ್ನು ಹಾಗೇ ಬಿಟ್ಟು, ಎದುರಿಗೆ ಕಾಣುವ ಕೋಟೆ ಗುಡ್ಡವನ್ನು ನೋಡುತ್ತ ನಿಲ್ಲುವುದು ಅವರ ಅಭ್ಯಾಸ. ಗುಡ್ಡದ ಮೇಲಿನ ರಂಗನಾಥನಿಗೆ ಕೈ ಮುಗಿಯುತ್ತಿದ್ದಾರೆಂದು ಬೀದಿಯವರು ತಿಳಿದಿದ್ದರು. ನನಗೆ ಗೊತ್ತಿತ್ತು, ಅವರು ಮನಸ್ಸಿನಲ್ಲೇ ಆ ಕೋಟೆಗೆ ಮುತ್ತಿಗೆ ಹಾಕುತ್ತಿದ್ದರು.

ಅದು ಎಪ್ಪತ್ತರ ದಶಕದ ಕೊನೆ. ನಾವು ಹೊನ್ನಾಳಿಯಿಂದ ಚನ್ನಗಿರಿಗೆ ವರ್ಗವಾಗಿ ಬಂದಿದ್ದೆವು. ಯಜಮಾನರು ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಅವರಿಗೆ ಬೀಡಿ ಇಲ್ಲ, ಇಸ್ಪೀಟಿಲ್ಲ, ಹೋಟೆಲಿನ ಚಟವೂ ಇಲ್ಲ. ಇದ್ದದ್ದು ಒಂದೇ: ಫ್ರಾನ್ಸಿನ ಕ್ರಾಂತಿಯ ಕಾಲದ ಒಬ್ಬ ಜನರಲ್. ದಾವಣಗೆರೆಯ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ, ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕದಿಂದ ಇಳಿದು ಬಂದ ಆ ಮನುಷ್ಯ ನಮ್ಮ ಮನೆಯಲ್ಲಿ ನೆಂಟನ ಹಾಗೆ ಉಳಿದುಬಿಟ್ಟಿದ್ದ. ಲೋಕವೆಲ್ಲ ಬಲ್ಲ ಆ ಇನ್ನೊಬ್ಬ ಸೇನಾಪತಿ, ಆಮೇಲೆ ಚಕ್ರವರ್ತಿಯಾದವನು, ಇವರಿಗೆ ಬೇಡ. ಅವನಿಗೇನು, ಹೇಳುವವರು ಬೇಕಾದಷ್ಟು ಜನ ಇದ್ದಾರೆ ಅನ್ನುತ್ತಿದ್ದರು.

ನಾನು ಓದಿದ್ದು ಶಿವಮೊಗ್ಗದ ಕಾನ್ವೆಂಟಿನಲ್ಲಿ. ಅಲ್ಲಿ ನಮಗೆ ಕಸೂತಿ ಕಲಿಸಿದ ವಯಸ್ಸಾದ ಮದರ್ ಫ್ರಾನ್ಸಿನವರೇ. ಕ್ರಾಂತಿಯ ಮಾತು ಬಂದರೆ ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಆ ಪಾಪಿಗಳು ಎಷ್ಟೋ ಮಠಗಳಿಗೆ ಬೀಗ ಜಡಿದರು ಎಂದಷ್ಟೇ ಹೇಳಿ ಮತ್ತೆ ಸೂಜಿ ಕೈಗೆತ್ತಿಕೊಳ್ಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಇದನ್ನು ಯಜಮಾನರಿಗೆ ಹೇಳಿದೆ. ಅವರು ಒಂದು ವಾರ ನನ್ನನ್ನು ಶತ್ರು ಪಾಳೆಯದವಳಂತೆ ನೋಡಿದರು.

ಆ ಬೆಳಗ್ಗೆ ನಾನು ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿ ಅವರ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತ ಒಂದೇ ಮಾತು ಹೇಳಿದ್ದೆ. ಇವತ್ತು ಜನರಲ್ ಹೊರಗೆ ಬರಕೂಡದು. ಅವರು ನೊರೆಯ ಮುಖದಲ್ಲೇ ಆಯಿತೆಂದು ತಲೆಯಾಡಿಸಿದರು.

ಕಾರಣವಿತ್ತು. ಅವತ್ತು ನನ್ನ ನಾದಿನಿಯನ್ನು ನೋಡಲು ಜಗಳೂರಿನ ಕಡೆಯವರು ಬರುವವರಿದ್ದರು. ಹಿಂದೊಮ್ಮೆ, ಹೊನ್ನಾಳಿಯಲ್ಲಿದ್ದಾಗ, ಹೀಗೇ ಬಂದಿದ್ದ ಗಂಡಿನವರ ಮುಂದೆ ಯಜಮಾನರು ಜನರಲ್‌ನ ಕಥೆಯನ್ನು ಕೊನೆಯ ತನಕ ಹೇಳಿದ್ದರು. ಕೊನೆಯಲ್ಲಿ ಆ ದೇಶದವರು ಅವನ ತಲೆ ತೆಗೆದ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ತಟ್ಟೆಯಲ್ಲಿದ್ದ ಬಾಳೆಹಣ್ಣಿನ ಮೇಲೆ ಅಡಿಕೆ ಕತ್ತರಿಯಿಂದ ತೋರಿಸಿಯೂ ಬಿಟ್ಟರು. ಹುಡುಗನ ಅಜ್ಜಿ ಕೇಸರಿಬಾತನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದರು. ಆಮೇಲೆ ಜಾತಕ ಕೂಡಲಿಲ್ಲವೆಂದು ಹೇಳಿ ಕಳಿಸಿದರು. ಬಾಳೆಹಣ್ಣು ಕೂಡಲಿಲ್ಲವೆಂದು ನನಗೆ ಗೊತ್ತು. ಚನ್ನಗಿರಿಗೆ ಬಂದ ಮೇಲೆ ಬಂದ ಇನ್ನೊಬ್ಬರಿಗೆ ಹುಡುಗಿ ಎತ್ತರ ಹೆಚ್ಚಾಯಿತು. ಅದರಲ್ಲಿ ಜನರಲ್‌ನ ತಪ್ಪಿರಲಿಲ್ಲ.

ಈ ಸಲವೂ ತಪ್ಪಿದರೆ ಬಸವಾಪಟ್ಟಣದ ಸಂಬಂಧಕ್ಕೆ ಹೂಂ ಅನ್ನುವುದೆಂದು ನನ್ನ ಅತ್ತೆ ಹೇಳಿಯಾಗಿತ್ತು. ಅತ್ತೆಯ ದೂರದ ನೆಂಟರವನು, ಹೆಂಡತಿ ತೀರಿಕೊಂಡವನು, ಕೂದಲಿಗೆ ಕಪ್ಪು ಹಚ್ಚುತ್ತಿದ್ದವನು. ನಾದಿನಿ ಅದನ್ನು ಕೇಳಿಸಿಕೊಂಡಿದ್ದಳು. ಹೊಲಿಗೆ ಯಂತ್ರದ ಮುಂದೆ ಕೂತು ಬೀದಿಯವರ ರವಿಕೆಗಳನ್ನು ಹೊಲಿಯುತ್ತಿದ್ದವಳು, ಯಂತ್ರವನ್ನು ಮೊದಲಿಗಿಂತ ಜೋರಾಗಿ ತುಳಿಯತೊಡಗಿದ್ದಳು, ಅಷ್ಟೇ.

ಗಂಡಿನವರು ಹತ್ತರ ಬಸ್ಸಿಗೆ ಬಂದರು. ಹುಡುಗ, ಅವನ ತಂದೆ, ತಾಯಿ. ಹುಡುಗ ನ್ಯಾಮತಿಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಕೈಯ ಉಗುರುಗಳನ್ನು ಬಹಳ ಚೊಕ್ಕವಾಗಿ ಕತ್ತರಿಸಿಕೊಂಡಿದ್ದ. ಮಾತು ಮಾತ್ರ ತೀರ ಕಡಿಮೆ. ತಾಯಿ ಆಂಧ್ರದ ಗಡಿಯಂಚಿನ ಹಳ್ಳಿಯವರು, ಕನ್ನಡದ ನಡುನಡುವೆ ಒಂದೊಂದು ತೆಲುಗು ಮಾತು ಜಾರಿ ಬೀಳುತ್ತಿತ್ತು. ತಂದೆ ಮಿಲಿಟರಿಯಲ್ಲಿದ್ದು ನಿವೃತ್ತರಾಗಿ ಈಗ ಊರಲ್ಲಿ ಬೇಸಾಯ ಮಾಡುತ್ತಿದ್ದರು. ಕುರ್ಚಿಯಲ್ಲಿ ಒರಗದೆ ನೆಟ್ಟಗೆ ಕೂತರು. ಅವರ ಬಲಗೆನ್ನೆಯ ಮೇಲೆ ಕಣ್ಣಿನ ಕೆಳಗಿನಿಂದ ತುಟಿಯವರೆಗೆ ಒಂದು ಗಾಯದ ಗುರುತಿತ್ತು.

ಅದನ್ನು ಕಂಡ ಕೂಡಲೇ ನಾನು ಯಜಮಾನರ ಕಡೆ ನೋಡಿದೆ. ಏಕೆಂದರೆ ನಮ್ಮ ಜನರಲ್‌ನ ಮುಖವೆಲ್ಲ ಅಂಥವೇ ಗುರುತುಗಳು. ಒಂದು ಗುಂಡು ಅವನ ಬಾಯಿಯನ್ನು ಕಿವಿಯ ಕಡೆಗೆ ಎಳೆದಿತ್ತು, ಒಂದು ಕತ್ತಿಯೇಟು ಮೇಲ್ದುಟಿಯನ್ನು ಸೀಳಿತ್ತು, ಇನ್ನೆರಡು ಕೆನ್ನೆಯ ಮೇಲೆ ಗೆರೆ ಎಳೆದಂತೆ ಕೂತಿದ್ದವು. ನನ್ನ ಮೈದುನಂದಿರ ಮುಖ ನನಗೆ ಮರೆತೀತು, ಆ ಮುಖ ಮರೆಯದಷ್ಟು ಸಲ ಕೇಳಿದ್ದೆ.

ಯಜಮಾನರ ಕಣ್ಣು ಆ ಕೆನ್ನೆಯ ಮೇಲೆ ನೆಟ್ಟಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಬಳೆ ಸದ್ದು ಮಾಡಿದೆ. ಅವರು ಅಡಿಕೆಯ ಧಾರಣೆಯ ಮಾತು ತೆಗೆದರು. ಮಳೆಯ ಮಾತು ತೆಗೆದರು. ಪಾಪ, ಬಹಳ ಹೊತ್ತು ತಡೆದರು. ಕೆಡಿಸಿದ್ದು ನಮ್ಮ ಅತ್ತೆ. ಅದ್ಯಾವ ಯುದ್ಧದಲ್ಲಿ ಆದ ಗಾಯವೆಂದು ಭಕ್ತಿಯಿಂದ ಕೇಳಿದರು.

"ಯುದ್ಧ ಎಲ್ಲಿ ಬಂತು ತಾಯಿ," ಎಂದರು ಹುಡುಗನ ತಂದೆ. "ನಾನು ಇದ್ದದ್ದು ರೇಷನ್ ಸಾಗಿಸೋ ಕಡೆ. ಹೇಸರಗತ್ತೆ ಒದ್ದಿದ್ದು ಇದು. ಹಿಂದಿನಿಂದ ಹೋಗಬ್ಯಾಡ ಅಂತ ಹೇಳಿದ್ರು, ನಾನೇ ಕೇಳಲಿಲ್ಲ."

ಇಷ್ಟು ಪ್ರಾಮಾಣಿಕವಾಗಿ ಹೇಳಿದ ಮನುಷ್ಯನ ಮುಂದೆ ಯಜಮಾನರ ಕಟ್ಟೆ ಒಡೆಯಿತು. ಫ್ರಾನ್ಸಿನಲ್ಲಿ ಒಬ್ಬ ಜನರಲ್ ಇದ್ದ, ಅವನಿಗೂ ಇಲ್ಲೇ ಗಾಯ, ಎಂದು ಅವರು ಶುರು ಮಾಡಿದಾಗ ನಾನು ಬಳೆ ಬಿಟ್ಟು ಸೌಟನ್ನೇ ಪಾತ್ರೆಗೆ ಬಡಿದೆ. ಕೇಳುವವರಾರು?

ಕಥೆ ಮೊದಲಿನಿಂದ ಬಂತು. ಅವನೂ ಗಡಿನಾಡಿನವನು, ಮನೆಮಾತು ಜರ್ಮನ್, ಫ್ರೆಂಚನ್ನು ತಡವರಿಸುತ್ತ ಆಡುತ್ತಿದ್ದ. ಇದನ್ನು ಕೇಳಿ ಹುಡುಗನ ತಾಯಿ ಮೊದಲ ಸಲ ತಲೆಯೆತ್ತಿ ನೋಡಿದರು. ಮೀಸೆ ಮೂಡುವ ಮೊದಲೇ ರಾಜನ ಸೈನ್ಯ ಸೇರಿದ. ಸಮುದ್ರದ ನಡುವಿನ ಒಂದು ದ್ವೀಪದ ಕಾಳಗದಲ್ಲಿ ಮುಖಕ್ಕೆ ಗುಂಡು ತಿಂದ. ಆದರೆ ಆ ಕಾಲದಲ್ಲಿ ಮೇಲಿನ ಹುದ್ದೆಗಳೆಲ್ಲ ದೊಡ್ಡ ಮನೆತನದವರ ಮಕ್ಕಳಿಗೆ. ಇವನು ಕ್ಯಾಪ್ಟನ್ ಆಗುವಷ್ಟರಲ್ಲಿ ತಲೆ ನರೆಯತೊಡಗಿತ್ತು. ಅಲ್ಲಿಗೇ ಮುಗಿಯಬೇಕಿದ್ದ ಬದುಕು. ಅಷ್ಟರಲ್ಲಿ ಕ್ರಾಂತಿಯಾಯಿತು, ದೊಡ್ಡ ಮನೆತನದವರೆಲ್ಲ ದೇಶ ಬಿಟ್ಟು ಓಡಿದರು, ಖಾಲಿಯಾದ ಕುರ್ಚಿಗಳಿಗೆ ಜನ ಬೇಕಾಯಿತು. ಮೂವತ್ತೈದು ವರ್ಷದಲ್ಲಿ ಹತ್ತದ ಮೆಟ್ಟಿಲುಗಳನ್ನು ಎರಡೇ ವರ್ಷದಲ್ಲಿ ಹತ್ತಿ, ಇಡೀ ಉತ್ತರದ ಸೈನ್ಯಕ್ಕೆ ಯಜಮಾನನಾದ. ತನಗೆ ಅಷ್ಟು ದೊಡ್ಡ ಕೆಲಸ ಆಗುವುದಿಲ್ಲ ಎಂದು ಅವನಿಗೇ ಅಳುಕು ಇತ್ತಂತೆ.

"ಅಳುಕು ಇರೋನೇ ಒಳ್ಳೇನು," ಎಂದರು ಹುಡುಗನ ತಂದೆ.

ನಾನು ಮಂಡಕ್ಕಿ ಒಗ್ಗರಣೆಯ ತಟ್ಟೆಗಳನ್ನು ತಂದಿಟ್ಟೆ, ಬಾಯಿ ತುಂಬಿದರೆ ಮಾತು ನಿಂತೀತೆಂಬ ಆಸೆಯಿಂದ. ಆದದ್ದೇ ಬೇರೆ. ಯಜಮಾನರಿಗೆ ರಣರಂಗ ಸಿಕ್ಕಿತು. ಹುಡುಗನ ಮುಂದಿದ್ದ ದೊಡ್ಡ ತಟ್ಟೆಯನ್ನೇ ಎಳೆದುಕೊಂಡು, ಶೇಂಗಾ ಬೀಜಗಳನ್ನು ಆರಿಸಿ ಫ್ರೆಂಚರ ಸಾಲು ಕಟ್ಟಿದರು. ಮಂಡಕ್ಕಿಯೆಲ್ಲ ಶತ್ರು. ತಟ್ಟೆಯ ಅಂಚು ಸಮುದ್ರ. ಕರಿಬೇವು ಬೇಲಿಗಳು, ಏಕೆಂದರೆ ಆ ಕಾಳಗ ನಡೆದದ್ದು ಬೇಲಿ, ಕಾಲುವೆ, ಜೌಗು ನೆಲದ ಮಧ್ಯೆ. ಸಮುದ್ರದ ದಡದ ಒಂದು ಊರಿಗೆ ಇಂಗ್ಲಿಷರು ಮುತ್ತಿಗೆ ಹಾಕಿದ್ದಾರೆ, ಅವರಿಗೆ ಕಾವಲಾಗಿ ಇನ್ನೊಂದು ಸೈನ್ಯ ಈ ಹಳ್ಳಿಯಲ್ಲಿದೆ. ನಮ್ಮವನು ಈ ಕಾವಲು ಸೈನ್ಯದ ಮೇಲೆ ಬಿದ್ದ. ಬೇಲಿಯಿಂದ ಬೇಲಿಗೆ ಗುಂಡಿನ ಮಳೆ. ಶೇಂಗಾ ಮುಂದೆ ಹೋಯಿತು, ಮಂಡಕ್ಕಿ ಹಿಂದೆ ಸರಿಯಿತು. ಗೆದ್ದ. ಮುತ್ತಿಗೆ ಹಾಕಿದ್ದ ಇಂಗ್ಲಿಷರೂ ತೋಪುಗಳನ್ನು ಬಿಟ್ಟು ಕಾಲ್ತೆಗೆದರು.

"ಇಲ್ಲಿ ನೋಡಿ," ಎಂದು ಯಜಮಾನರು ತಟ್ಟೆಯ ಅಂಚಿಗೆ ಮಂಡಕ್ಕಿಯ ಒಂದು ಸಣ್ಣ ರಾಶಿಯನ್ನು ತಳ್ಳಿದರು. "ಇವರು ಓಡ್ತಾ ಇದಾರೆ. ದಾರಿ ಒಂದೇ. ಅಟ್ಟಿಸಿಕೊಂಡು ಹೋಗಿದ್ರೆ ಒಬ್ಬನೂ ಉಳೀತಿರಲಿಲ್ಲ. ಇವನು ಹೋಗಲಿಲ್ಲ."

ಎಲ್ಲರೂ ಬಾಗಿ ತಟ್ಟೆ ನೋಡಿದರು. ಅಷ್ಟರಲ್ಲಿ, ಬೆಳಗ್ಗೆ ಬಸ್ಸು ಹತ್ತಿದಾಗಿನಿಂದ ಏನೂ ತಿಂದಿರದ ಹುಡುಗ, ತನ್ನ ತಟ್ಟೆಯೆಂಬ ನೆನಪಿನಲ್ಲೋ ಏನೋ, ಕೈ ಚಾಚಿ ಆ ಓಡುತ್ತಿದ್ದ ಸೈನ್ಯವನ್ನು ಬಾಯಿಗೆ ಹಾಕಿಕೊಂಡ.

ಒಳಗೆ ಪರದೆಯ ಹಿಂದೆ ನಿಂತಿದ್ದ ನನ್ನ ನಾದಿನಿ ನಕ್ಕುಬಿಟ್ಟಳು. ಎಷ್ಟು ತಿಂಗಳಾಗಿತ್ತೋ ನಾನು ಆ ನಗು ಕೇಳಿ. ಹುಡುಗ ಪರದೆಯ ಕಡೆ ನೋಡಿದ, ಅಗಿಯುವುದನ್ನು ನಿಲ್ಲಿಸಿದ, ಆಮೇಲೆ ತಾನೂ ಸ್ವಲ್ಪ ನಕ್ಕ. ಅವಳು ಕಾಫಿ ತಂದಾಗ ಲೋಟ ನಡುಗಲಿಲ್ಲ. ಹಿಂದಿನ ಎರಡು ಸಲವೂ ನಡುಗಿತ್ತು. ಕಾಫಿ ಕೊಟ್ಟು ಒಳಗೆ ಬಂದವಳು ನನ್ನ ಸೆರಗು ಹಿಡಿದು, "ಅತ್ತಿಗೆ, ಇವರು ಆಗಬಹುದು," ಎಂದಳು. ಕೇಳದೆಯೇ ಅವಳು ಹೇಳಿದ ಮೊದಲ ಮಾತು ಅದು.

ಹೊರಗೆ ಹುಡುಗನ ತಂದೆ ಜನರಲ್‌ನ ಪರವಾಗಿ ವಾದಕ್ಕಿಳಿದಿದ್ದರು. "ಮೇಷ್ಟ್ರೇ, ಗೆದ್ದ ಸಿಪಾಯಿಗೆ ಅಟ್ಟಿಸ್ಕೊಂಡು ಹೋಗಾಕೆ ಕಾಲಾಗೆ ಕಸುವು ಬೇಕಲ್ರೀ. ಎರಡು ದಿನದಿಂದ ಕೆಸರಾಗೆ ನಿಂತಾರೆ. ಅವರಿಗೆ ರೊಟ್ಟಿ ಎಲ್ಲೈತೆ? ಹೇಸರಗತ್ತೆ ಹಿಂದೆ ಉಳಿದಿರ್ತಾವೆ. ಹೋಗದೆ ಇದ್ದಿದ್ದೇ ಸರಿ."

ಪುಸ್ತಕದಲ್ಲಿ ರೊಟ್ಟಿಯ ವಿಚಾರ ಇದೆಯೋ ಇಲ್ಲವೋ ಎಂದು ಯಜಮಾನರು ಯೋಚನೆಗೆ ಬಿದ್ದರು. ಆಮೇಲೆ ಅವನು ಡಚ್ಚರನ್ನೂ ಒಂದು ಊರಲ್ಲಿ ಸೋಲಿಸಿದ ಎಂದರು. ಅದಾದ ಮೇಲೆ ಅವನ ಸಿಪಾಯಿಗಳು ಕಾರಣವಿಲ್ಲದೆ ಹೆದರಿ ಚೆಲ್ಲಾಪಿಲ್ಲಿಯಾದರು. ರಾಜಧಾನಿಯಲ್ಲಿ ಕೂತವರು, ಗೆದ್ದೂ ಯಾಕೆ ಅಟ್ಟಿಸಿಕೊಂಡು ಹೋಗಲಿಲ್ಲವೆಂದು ಅವನನ್ನು ಹಿಡಿದು ತಂದರು. ನ್ಯಾಯಸ್ಥಾನದಲ್ಲಿ ಹೇಡಿ ಎಂದು ಕರೆದಾಗ ಮುದುಕ ಏನೂ ವಾದಿಸದೆ ಅಂಗಿ ಬಿಚ್ಚಿ ಮೈಮೇಲಿನ ಗಾಯಗಳನ್ನು ತೋರಿಸಿದನಂತೆ.

ಹುಡುಗನ ತಂದೆಯ ಕೈ ತಾನಾಗಿ ಕೆನ್ನೆಯ ಮೇಲೆ ಹೋಯಿತು. "ಆಮೇಲೆ? ಬಿಟ್ರಾ ಅವನ್ನ? ಪಿಂಚಣಿ ಗಿಂಚಣಿ ಕೊಟ್ರಾ?"

ಅದೇ ಹೊತ್ತಿಗೆ ಅತ್ತೆ ಎಲೆ ಅಡಿಕೆ, ಅರಿಸಿನ ಕುಂಕುಮದ ತಟ್ಟೆ ಹಿಡಿದು ಹೊರಗೆ ಬರುತ್ತಿದ್ದರು. ತಟ್ಟೆಯಲ್ಲಿ ಬಾಳೆಹಣ್ಣಿತ್ತು. ಪಕ್ಕದಲ್ಲೇ ಅಡಿಕೆ ಕತ್ತರಿ. ಯಜಮಾನರು ಬಾಯಿ ತೆರೆದರು. ನನಗೆ ಹೊನ್ನಾಳಿಯ ಅಜ್ಜಿ ನೆನಪಾದರು. ಗಂಡಿನವರ ಮುಂದೆ ಸೊಸೆ ಮಾತಾಡುವ ಪದ್ಧತಿಯಿಲ್ಲ, ಆದರೂ ನಾನು ಬಾಗಿಲಿನಿಂದ ಒಂದು ಹೆಜ್ಜೆ ಈಚೆ ಬಂದೆ.

"ಕೊಟ್ಟರು," ಎಂದೆ. "ಪೂರ್ತಿ ಪಿಂಚಣಿ ಕೊಟ್ಟು ಮರ್ಯಾದೆಯಿಂದ ಊರಿಗೆ ಕಳಿಸಿದರು. ಕಾನ್ವೆಂಟಿನಲ್ಲಿ ನಮ್ಮ ಮದರ್ ಹೇಳ್ತಿದ್ರು, ಫ್ರಾನ್ಸಿನವರು."

ಸುಳ್ಳಾಡಿದ ನಾಲಿಗೆ ಸುಡುತ್ತದೆ ಎಂದು ಅದೇ ಮದರ್ ಹೇಳುತ್ತಿದ್ದರು. ನಾನು ಒಳಗೆ ಹೋಗಿ ಉಳಿದಿದ್ದ ಬಿಸಿ ಕಾಫಿಯನ್ನು ಕುಡಿದು ನಾಲಿಗೆಯ ಲೆಕ್ಕ ಅಲ್ಲೇ ತೀರಿಸಿಕೊಂಡೆ.

ಹುಡುಗನ ತಂದೆ ನಿಟ್ಟುಸಿರು ಬಿಟ್ಟು, ಸದ್ಯ, ಒಳ್ಳೆಯದಾಯಿತು ಎಂದರು. ಅತ್ತೆ ಹುಡುಗನ ತಾಯಿಗೆ ಕುಂಕುಮವಿಟ್ಟರು. ಎಲ್ಲ ಸರಿಯಾಗಿತ್ತು, ಯಜಮಾನರೊಬ್ಬರನ್ನು ಬಿಟ್ಟು. ಅವರು ನನ್ನನ್ನು ನೋಡಿದ ನೋಟವನ್ನು ಏನೆಂದು ಹೇಳಲಿ? ಮುಖ ಕೆಂಪಗಾಗಿ, ಒಂದು ನಿಮಿಷ ಎಂದು ಹೇಳಿ, ಎದ್ದು ಒಳಕೋಣೆಗೆ ಹೋದರು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಪುಸ್ತಕ ಹುಡುಕುತ್ತಿದ್ದರು. ಆ ಪುಸ್ತಕವನ್ನು ನಾನು ಹಿಂದಿನ ರಾತ್ರಿಯೇ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಗಂಡಿನವರು ಹೆಣ್ಣಿನ ಮನೆಯಲ್ಲಿ ಕೂತು ಒಪ್ಪಿಗೆ ಹೇಳುವುದಿಲ್ಲ. ಹೇಳಿದರೆ ಅಗ್ಗವಾದ ಹಾಗೆ. ಹೆಣ್ಣಿನ ಕಡೆಯ ಹಿರಿಯ ಗಂಡಸು ಅವರ ಜೊತೆ ಬಸ್ ಸ್ಟ್ಯಾಂಡಿಗೆ ನಡೆಯಬೇಕು. ಬಸ್ಸು ಬಂದ ಕೂಡಲೇ ತನ್ನ ಹೆಗಲ ಟವೆಲನ್ನು ಕಿಟಕಿಯೊಳಗೆ ಎಸೆದು ಅವರಿಗೆ ಸೀಟು ಹಿಡಿಯಬೇಕು. ಟವೆಲು ವಾಪಸು ಕೊಡುವ ನೆಪದಲ್ಲಿ ಗಂಡಿನ ತಂದೆ ಕಿಟಕಿಯಿಂದ ಬಾಗಿ, ಬಸ್ಸು ಹೊರಡುವ ಹೊತ್ತಿಗೆ, ಮುಂದಿನ ಮಾತಿಗೆ ಬನ್ನಿ ಎನ್ನುತ್ತಾನೆ. ಇಲ್ಲವೇ ಬರೀ ಟವೆಲು ಕೊಡುತ್ತಾನೆ. ಹೆಣ್ಣಿನ ಕಡೆಯವನು ಬಸ್ ಸ್ಟ್ಯಾಂಡಿಗೇ ಬರದಿದ್ದರೆ, ಹುಡುಗ ನಮಗೆ ಬೇಡ ಎಂದು ಅರ್ಥ.

ದಾವಣಗೆರೆ ಬಸ್ಸಿನ ಹೊತ್ತಾಯಿತೆಂದು ಗಂಡಿನವರು ಎದ್ದರು. ಅತ್ತೆ ಒಳಗೆ ಹೋಗಿ ಕರೆದರು. ಬಂದೆ ಬಂದೆ ಎಂದರೇ ಹೊರತು ಯಜಮಾನರು ಬರಲಿಲ್ಲ. ಮಂಚದ ಕೆಳಗೆ ಅರ್ಧ ಮೈ ತೂರಿಸಿದ್ದರು. ಗಂಡಿನವರು ಗೇಟಿನ ಹತ್ತಿರ ನಿಂತು ಒಮ್ಮೆ ಹಿಂದಿರುಗಿ ನೋಡಿದರು. ಕೊನೆಗೆ ತಾವೇ ಮೆಲ್ಲಗೆ ನಡೆದುಬಿಟ್ಟರು. ಸ್ವಲ್ಪ ಹೊತ್ತಿಗೆ ಯಜಮಾನರು ತಲೆತುಂಬ ಜೇಡರ ಬಲೆ ಮಾಡಿಕೊಂಡು ಹೊರಗೆ ಬಂದು, "ಎಲ್ಲಿ ಅವರು?" ಎಂದರು.

ಅತ್ತೆ ಬೆರಳಿನಿಂದ ಬೀದಿ ತೋರಿಸಿದರು. ಯಜಮಾನರು ಟವೆಲು ಹೆಗಲಿಗೆ ಹಾಕಿಕೊಂಡು ಓಡಿದರು. ಚರಿತ್ರೆಯ ಮೇಷ್ಟ್ರು ಓಡಿದ್ದನ್ನು ಚನ್ನಗಿರಿ ಅವತ್ತೇ ಮೊದಲು ನೋಡಿದ್ದು. ಅವರು ಮರಳಿ ಬಂದಾಗ ಟವೆಲು ಹೆಗಲ ಮೇಲೇ ಇತ್ತು. ಬಸ್ಸಿನ ಧೂಳು ಮಾತ್ರ ಸಿಕ್ಕಿತ್ತಂತೆ.

ಮಧ್ಯಾಹ್ನದ ಊಟದಲ್ಲಿ ಯಾರೂ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ನಾದಿನಿ ರೇಷ್ಮೆ ಸೀರೆ ಮಡಚಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತಳು. ಅವಳು ತುಳಿಯುತ್ತಿದ್ದಾಗ ನೋಡಿದೆ, ಸೂಜಿಗೆ ದಾರವೇ ಪೋಣಿಸಿರಲಿಲ್ಲ. ಅತ್ತೆ, ನಾಳೆ ಬಸವಾಪಟ್ಟಣಕ್ಕೆ ಹೇಳಿ ಕಳಿಸುತ್ತೇನೆ ಎಂದು ಗೋಡೆಗೆ ಹೇಳಿದರು.

ಬಿಸಿಲು ಇಳಿದ ಮೇಲೆ ಯಜಮಾನರು ಜಗಲಿಯಲ್ಲಿ ಕೋಟೆಗೆ ಬೆನ್ನು ಹಾಕಿ ಕೂತಿದ್ದರು. ಅವರು ಆ ಕಡೆ ಬೆನ್ನು ಹಾಕಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಕ್ಕಿ ಡಬ್ಬದ ಹಿಂದಿನಿಂದ ಪುಸ್ತಕ ತಂದು ಅವರ ಪಕ್ಕದಲ್ಲಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ಗೆದ್ದಿದ್ದೆ ಕಣೇ," ಎಂದರು ಮೆಲ್ಲಗೆ. "ಆ ಮನುಷ್ಯನಿಗೆ ನಮ್ಮ ಮನೆ ಇಷ್ಟವಾಗಿತ್ತು."

"ಗೆದ್ದಿರಿ. ಅಟ್ಟಿಸಿಕೊಂಡು ಹೋಗಲಿಲ್ಲ," ಎಂದೆ. "ಇನ್ನು ನೀವು ಅತ್ತೆಯ ಮುಂದೆ ಅಂಗಿ ಬಿಚ್ಚಿ ಗಾಯ ತೋರಿಸಬೇಕು."

ಅವರಿಗೆ ನಗು ಬರಲಿಲ್ಲ. ಹೇಳಿದ ಮೇಲೆ ನನಗೂ ಬರಲಿಲ್ಲ. ಒಳಗಿನಿಂದ ಯಂತ್ರದ ಸದ್ದು ಬರುತ್ತಲೇ ಇತ್ತು. ನಾಳೆ ಬೆಳಗಿನ ಮೊದಲ ಬಸ್ಸಿಗೆ ಜಗಳೂರಿಗೆ ಹೋಗಿ ಕೈ ಮುಗಿದು ಬರುತ್ತೇನೆ ಎಂದರು. ಹೆಣ್ಣಿನವರು ಕರೆಯದೆ ಹೋದರೆ ಎಷ್ಟು ಹಗುರಾಗುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ನಾನು ಬೇಡ ಎನ್ನಲಿಲ್ಲ. ಬಿಳಿ ಅಂಗಿಯ ಮೇಲಿನ ಜೇಡರ ಬಲೆ ಕೊಡವತೊಡಗಿದೆ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಅಕ್ಕ ಬಂದರು. ಬೆಳಗ್ಗೆ ಗಂಡಿನವರು ಬಂದಾಗ ಕಾಂಪೌಂಡಿನ ಮೇಲಿನಿಂದ ಕತ್ತು ಚಾಚಿ ನೋಡಿದವರೇ. ಮಧ್ಯಾಹ್ನ ದಾವಣಗೆರೆ ಬಸ್ಸಿಗೆ ಸಂತೇಬೆನ್ನೂರಿನ ಮಗಳ ಮನೆಗೆ ಹೋಗಿ, ಸಂಜೆಯ ಬಸ್ಸಿಗೆ ಆಗಷ್ಟೇ ಇಳಿದಿದ್ದರು. ಹಾಲಿಗೆ ಹೆಪ್ಪು ಹಾಕಲು ಒಂದು ಚಮಚ ಮೊಸರು ಬೇಕಿತ್ತು. ನಾನು ಗಡಿಗೆಯಿಂದ ತೆಗೆದು ಅವರ ಬಟ್ಟಲಿಗೆ ಹಾಕುತ್ತಿದ್ದೆ. ಒಳಗೆ ಯಂತ್ರದ ಸದ್ದು ನಿಂತಿತು. ಅವರು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, ಬಟ್ಟಲಿನ ಕಡೆಗೇ ನೋಡುತ್ತ ಅಂದರು:

"ನಿಮ್ಮ ಮನೆಗೆ ಬಂದಿದ್ರಲ್ಲ, ಆ ಯಜಮಾನ್ರು ಭಾರಿ ಮಾತುಗಾರ್ರು ಕಣ್ರೀ. ಸಂತೇಬೆನ್ನೂರು ಬರೋ ತನಕ ಇಡೀ ಬಸ್ಸಿಗೆ ಯಾರೋ ಮಿಲಿಟರಿಯವನ ಕಥೆ, 'ನಮ್ಮ ಬೀಗರು ಮೇಷ್ಟ್ರು ಹೇಳಿದ್ದು, ನಮ್ಮ ಬೀಗರು ಹೇಳಿದ್ದು' ಅಂತ ಕಂಡಕ್ಟರ್‌ಗೆ ಟಿಕೆಟ್ ಹರಿಯಾಕೂ ಬಿಡಲಿಲ್ಲ. ಪಾಪ, ಅಷ್ಟೆಲ್ಲ ಗಾಯ ಮಾಡ್ಕೊಂಡ ಮೇಲೆ ಅವನಿಗೆ ಪಿಂಚಣಿ ಆದ್ರೂ ಬಂತಲ್ಲ. ಇನ್ನೊಂಚೂರು ಹಾಕ್ರಿ, ನಮ್ಮದು ಎಮ್ಮೆ ಹಾಲು."